ಬ್ರಿಟನ್ನಿನ ಪಿ ಆಂಡ್ ಓ ಹಡಗು ಕಂಪನಿಯ ಬಾವುಟಕ್ಕೆ ನಾಲ್ಕು ಬಣ್ಣ ಏಕೆ?

ಬಿಳಿ–ನೀಲಿ ಆಗಿನ ಪೋರ್ಚುಗಲ್ ರಾಜಧ್ವಜದ್ದು, ಕೆಂಪು–ಹಳದಿ ಸ್ಪೇನಿನದು. 1837ರಲ್ಲಿ ಈ ಕಂಪನಿ ಆ ಎರಡು ದೇಶಗಳಿರುವ ಐಬೀರಿಯ ಪರ್ಯಾಯದ್ವೀಪಕ್ಕೆ ಟಪಾಲು ಸಾಗಿಸುವ ಗುತ್ತಿಗೆ ಹಿಡಿದಿತ್ತು. ಹೆಸರಿನ ‘ಪಿ’ ಕೂಡ ಪೆನಿನ್ಸುಲರ್, ಅಂದರೆ ಪರ್ಯಾಯದ್ವೀಪದ್ದು. ಬಾವುಟವನ್ನು ಮೂಲೆಯಿಂದ ಮೂಲೆಗೆ ಭಾಗ ಮಾಡಿ ನಾಲ್ಕು ತ್ರಿಕೋನ: ಮೇಲೆ ಬಿಳಿ, ಕೆಳಗೆ ಹಳದಿ, ಕಂಬದ ಕಡೆ ನೀಲಿ, ಹಾರುವ ತುದಿಗೆ ಕೆಂಪು.

ಹಡಗಿನ ಹಿಂಭಾಗದ ಕೆಂಪು ಧ್ವಜ ಬ್ರಿಟನ್ನಿನ ವ್ಯಾಪಾರಿ ಹಡಗುಗಳಿಗೆಲ್ಲ ಒಂದೇ. ಹಾಗಾಗಿ ಮಾಲೀಕರು ಯಾರೆಂದು ಕೂವೆಮರದ ತುದಿಯ ಕಂಪನಿ ಬಾವುಟವೇ ಹೇಳಬೇಕು. ಅದರ ಮೇಲೆ ಅಕ್ಷರ ಬರೆದರೆ ಹಿಂದಿನಿಂದ ತಿರುವುಮುರುವಾಗಿ ಕಾಣುತ್ತದೆ, ಗಾಳಿಗೆ ಮಡಚಿಕೊಂಡರೆ ಅದೂ ಇಲ್ಲ. ಅಗಲವಾದ ಬಣ್ಣಕ್ಕೆ ಆ ತಾಪತ್ರಯವಿಲ್ಲ. ವೈಟ್ ಸ್ಟಾರ್ ಕಂಪನಿಯಂತೂ ಕೆಂಪು ಬಟ್ಟೆಗೆ ಒಂದೇ ಒಂದು ಬಿಳಿ ನಕ್ಷತ್ರ ಇಟ್ಟು ಮುಗಿಸಿತ್ತು, ಜಾಣತನವೇ ಸರಿ.