ಹಳೆಯ ಬಿಎಂಎಕ್ಸ್ ಸೈಕಲ್‌ಗೆ ಹೊಸ ಬಣ್ಣ ಹೊಡೆಸಬೇಕೇ?

ಹೈಸ್ಕೂಲಿನಲ್ಲಿ ಓಡಿಸಿದ 1980ರ ದಶಕದ ಜಿಟಿ ಪರ್ಫಾರ್ಮರ್ (ಕಸರತ್ತು ಮಾಡುವ ಚಿಕ್ಕ ಚಕ್ರದ ಬಿಎಂಎಕ್ಸ್ ಸೈಕಲ್) ಶೆಡ್ಡಿನಲ್ಲಿ ಸಿಕ್ಕಿದೆ, ಕ್ರೋಮ್ ಮೇಲೆ ತುಕ್ಕು ಇದೆ, ಪೇಂಟ್ ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಿಸಬೇಡಿ. ಮೂಲ ಕ್ರೋಮ್ ಮತ್ತು ಸ್ಟಿಕ್ಕರ್ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಸ್ವಲ್ಪ ಸವೆದಿದ್ದರೂ ಪರವಾಗಿಲ್ಲ, ಅದು ನೀವೇ ಓಡಿಸಿ ಸವೆಸಿದ್ದು ಅಲ್ವಾ?

ಮೊದಲು ಫ್ರೇಮಿನ ವೆಲ್ಡ್‌ಗಳನ್ನು ಟಾರ್ಚ್ ಹಾಕಿ ನೋಡಿ. ಹ್ಯಾಂಡಲ್ ಕೂರುವ ಕೊಳವೆಯ ಸುತ್ತ, ಹಿಂದಿನ ಚಕ್ರ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಓಡಿಸಬೇಡಿ.

ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಉಂಡೆ ಮಾಡಿ, ನೀರಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಕಂದು ಬಣ್ಣದ ಕೆಸರು ಬಿಡುತ್ತದೆ, ಒರೆಸಿ, ಒಣಗಿಸಿ, ವ್ಯಾಕ್ಸ್ ಹಚ್ಚಿ. ಸ್ಟಿಕ್ಕರ್ ಹತ್ತಿರ ಮಾತ್ರ ಒದ್ದೆ ಬಟ್ಟೆ ಬಿಟ್ಟು ಬೇರೇನೂ ಬೇಡ.

ಜನ ಜಾಸ್ತಿ ಕೆಡಿಸುವುದು ಗ್ರೀಸ್ ಬದಲಿಸಲು ಕ್ರ್ಯಾಂಕ್, ಅಂದರೆ ಪೆಡಲ್‌ಗಳು ಕೂರುವ ತೋಳು, ಬಿಚ್ಚುವಾಗ. ನಿಮ್ಮದು ಒಂದೇ ತುಂಡಿನ ಕ್ರ್ಯಾಂಕ್ (ಎರಡೂ ತೋಳು, ನಡುವಿನ ಅಚ್ಚು ಸೇರಿ ಒಂದೇ) ಆಗಿದ್ದರೆ ಎಡಗಡೆ ಪೆಡಲ್ ಮತ್ತು ಅದರ ಹಿಂದಿನ ದೊಡ್ಡ ನಟ್, ಎರಡಕ್ಕೂ ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಬಿಗಿ ಹಿಡಿದಿದ್ದರೆ ಸುಮ್ನೆ ಬಲ ಹಾಕಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಕಾಯಿರಿ. ಎಡಗಡೆ ನಟ್, ಕೋನ್ (ಬೇರಿಂಗನ್ನು ಒತ್ತಿ ಹಿಡಿಯುವ ಬಿಲ್ಲೆ), ಬೇರಿಂಗ್ ತೆಗೆದ ಮೇಲೆ ಕ್ರ್ಯಾಂಕ್ ಚೈನ್ ಕಡೆಯಿಂದ ಹೊರಗೆ ಬರುತ್ತದೆ. ಹಳೆ ಗ್ರೀಸ್ ಪೂರ್ತಿ ತೊಳೆದು ಹೊಸದು ತುಂಬಿ. ಹೊಸ ಪೆಡಲ್ ಕೊಳ್ಳುವುದಾದರೆ ಈ ಕ್ರ್ಯಾಂಕಿಗೆ ಅರ್ಧ ಇಂಚಿನ ಥ್ರೆಡ್ಡೇ ಬೇಕು, ಈಗ ಸಾಮಾನ್ಯವಾಗಿ ಸಿಗುವ 9/16 ಇಂಚಿನದು ಕೂರುವುದಿಲ್ಲ.

ಟೈರು, ಬ್ರೇಕ್ ಕೇಬಲ್, ಬ್ರೇಕ್ ರಬ್ಬರ್ ಮಾತ್ರ ಯೋಚಿಸದೆ ಹೊಸದು ಹಾಕಿ.