ಮೊದಲು ಕಿರುಬೆರಳು, ಆಮೇಲೆ ಬಾಣಲೆ

ದಾವಣಗೆರೆಯ ಹೋಟೆಲೊಂದರ ಅಡುಗೆಯವರ ಕಾಗದ ಓದಿ ಸಂಕಟವೂ ಆಯಿತು, ಸಿಟ್ಟೂ ಬಂತು. ಮಿರ್ಚಿ ಕರಿಯುವಾಗ ಎಣ್ಣೆ ಚೆಲ್ಲಿ ಬಲಗೈ ಮೊಣಕೈವರೆಗೆ ಸುಟ್ಟಿದೆ. ತೊಡೆಯ ಚರ್ಮ ತೆಗೆದು ಕಸಿ ಮಾಡಿ ಏಳು ತಿಂಗಳಾಗಿದೆ. ಮಾಲೀಕರು ಒಳ್ಳೆಯವರು, 'ಸೋಮವಾರದಿಂದ ಬಾ, ಬೇಕಾದರೆ ಗಲ್ಲಾದಲ್ಲಿ ಕೂತ್ಕೋ' ಎಂದಿದ್ದಾರೆ. ಗಿರಾಕಿಗಳು ಕೈ ನೋಡಿ ಮುಖ ಸಿಂಡರಿಸುವುದಕ್ಕಿಂತ ಒಳಗೆ ಬಾಣಲೆಯೇ ವಾಸಿಯಲ್ಲವೇ ಎಂದು ಇವರ ಪ್ರಶ್ನೆ.

ಕಾಗದದ ಕೊನೆಗೆ ನೀವು ಹೀಗೂ ಬರೆದಿದ್ದೀರಿ: 'ಸೆಕೆಗೆ ಪ್ರೆಷರ್ ಗ್ಲೌಸ್ ಬಿಟ್ಟು ಎರಡು ತಿಂಗಳಾಯಿತು, ಕಿರುಬೆರಳು ಸ್ವಲ್ಪ ಮಡಚಿಕೊಂಡಿದೆ, ಅಷ್ಟೆ.'

ಅಷ್ಟೆ ಅಲ್ಲ! ಗಾಯ ಮುಚ್ಚಿತೆಂದರೆ ವಾಸಿಯಾಯಿತೆಂದಲ್ಲ ಎಂದು ಇಲ್ಲಿ ಎಷ್ಟು ಸಲ ಬರೆದರೂ ಸಾಲದು. ಕಲೆ ಮಾಗಲು ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಅದು ಕುಗ್ಗುತ್ತಾ ಬೆರಳಿನ ಗೆಣ್ಣನ್ನೂ ಎಳೆದುಕೊಳ್ಳುತ್ತದೆ. ಕಲೆಯನ್ನು ಒತ್ತಿ ಹಿಡಿಯುವ ಈ ಬಿಗಿ ಗ್ಲೌಸನ್ನು ದಿನಕ್ಕೆ 23 ಗಂಟೆ ಹಾಕಿರಿ ಎನ್ನುವುದು ಇದಕ್ಕೇ. ಎರಡು ಜೊತೆ ಇರಲಿ. ಒಂದನ್ನು ಒಗೆದು ನೆರಳಲ್ಲಿ ಒಣಹಾಕಿದಾಗ ಇನ್ನೊಂದು ಕೈಮೇಲಿರಬೇಕು. ಸುಮಾರು ಮೂರು ತಿಂಗಳಿಗೆ ಎಲಾಸ್ಟಿಕ್ ಸಡಿಲವಾಗುವುದರಿಂದ ನಿಮ್ಮ ಹಳೆಯದು ಇನ್ನು ಉಪಯೋಗಕ್ಕೆ ಬಾರದು.

'ಗಾಳಿ ಆಡಲಿ, ಬಿಚ್ಚು' ಎಂದ ನಿಮ್ಮ ಭಾವನ ಮಾತೇ ಈ ಬೆರಳನ್ನು ಮಡಚಿಸಿದ್ದು. ಅವರು ಕೈ ವಿಷಯಕ್ಕೆ ಇನ್ನು ಬಾಯಿ ಹಾಕದಿರಲಿ.

ಬಾಣಲೆ ಈಗ ಬೇಡವೇ ಬೇಡ. ಗ್ಲೌಸ್ ನೈಲಾನ್ ಲೈಕ್ರಾದ್ದು, ಉರಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಿಚ್ಚಿ ನಿಂತರೆ ಇನ್ನೊಂದು ಅಪಾಯ: ಕಸಿ ಮಾಡಿದ ಚರ್ಮ ಬೆವರುವುದಿಲ್ಲ, ಅದರಲ್ಲಿ ಸ್ಪರ್ಶವೂ ಮಂದ. ಝಾರಿಯ ಹಿಡಿ ಕಾದದ್ದು ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು.

ಗಲ್ಲಾ ಒಪ್ಪಿಕೊಳ್ಳಿ. ಮೊದಲ ಎರಡು ವಾರ ಅರ್ಧ ದಿನ ಸಾಕು, ಫ್ಯಾನಿನ ಕೆಳಗೆ ಕೂತು ಗಂಟೆಗೊಮ್ಮೆ ಮುಷ್ಟಿ ಕಟ್ಟಿ ಬಿಚ್ಚಿ. ನವೆಯಾದರೆ ಕೆರೆಯಬೇಡಿ, ಸುವಾಸನೆಯಿಲ್ಲದ ಕ್ರೀಮ್ ಹಚ್ಚಿ. ಯಾರಾದರೂ ಕೈಯನ್ನೇ ನೋಡಿದರೆ, 'ಎಣ್ಣೆ ಬಿತ್ತು, ಗುಣವಾಗ್ತಿದೆ, ಎಷ್ಟು ಪ್ಲೇಟ್ ಸರ್?' ಎನ್ನಿ. ಮನೆಯಲ್ಲೇ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿಕೊಂಡರೆ ನಾಲಿಗೆ ತಡವರಿಸುವುದಿಲ್ಲ. ಸಂಬಳದ ಚಿಂತೆಯೇ? ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ, ಕೆಲಸದಲ್ಲಾದ ಅಪಘಾತಕ್ಕೆ ಅಲ್ಲಿನ ವೈದ್ಯರು ರಜೆ ಬರೆದಷ್ಟು ದಿನ ಕೂಲಿಯ ಶೇಕಡ 90 ಸಿಗುತ್ತದೆ.

ಇದೆಲ್ಲ ಆಮೇಲೆ. ಸೋಮವಾರ ಹೋಟೆಲಿಗೆ ಹೋಗಬೇಡಿ. ಕಸಿ ಮಾಡಿದ ಆಸ್ಪತ್ರೆಗೆ ಹೋಗಿ ಬೆರಳು ತೋರಿಸಿ, ಹೊಸ ಗ್ಲೌಸಿಗೆ ಅಳತೆ ಕೊಟ್ಟು, ರಾತ್ರಿ ಕಟ್ಟಿಕೊಳ್ಳಲು, ಬೆರಳನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಮಾಡಿಸಿಕೊಂಡೇ ಬನ್ನಿ.