ಹಳೇ ಬೋಟಿನ ರಿಜಿಸ್ಟ್ರೇಷನ್ ಕೊಂಡಿಟ್ಟುಕೊಳ್ಳಬಹುದಾ?

ಹೊಸ ಮೀನುಗಾರಿಕೆ ಬೋಟುಗಳಿಗೆ ಅನುಮತಿ ಬಿಗಿಯಾದರೆ ಹಳೇ ರಿಜಿಸ್ಟ್ರೇಷನ್‌ಗೆ ಬೆಲೆ ಏರುತ್ತದೆ, ಈಗಲೇ ಒಂದು ತೆಗೆದುಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಇದೇ ಲೆಕ್ಕ ಹಾಕಿ ಮಲ್ಪೆಯಲ್ಲಿ ನಾನೂ ತೆಗೆದುಕೊಂಡಿದ್ದೆ.

ನನಗೆ ಸಿಕ್ಕಿದ್ದು ಮರದ ಟ್ರಾಲ್ ಬೋಟ್, ಅಂದರೆ ಹಿಂದೆ ಬಲೆ ಎಳೆದುಕೊಂಡು ಹೋಗುವಂಥದ್ದು. ಹಲಗೆ ಸಂದಿಯಲ್ಲಿ ನೀರು ಬರುತ್ತಿತ್ತು, ಎಂಜಿನ್ ಕೆಟ್ಟು ನಿಂತಿತ್ತು. ನಾನು ದುಡ್ಡು ಕೊಟ್ಟದ್ದು ಬೋಟಿಗಲ್ಲ, ಅದರ ರಿಜಿಸ್ಟ್ರೇಷನ್ ಕಾಗದಕ್ಕೆ. ಆ ನಂಬರಿನ ಮೇಲೆ ಸ್ಟೀಲ್ ಬೋಟ್ ಕಟ್ಟಿಸಿದೆ. ಹಳೆಯದಕ್ಕಿಂತ ಉದ್ದ, ಅಗಲ, ಎಂಜಿನ್ ಎರಡರಷ್ಟಕ್ಕಿಂತ ಜಾಸ್ತಿ ಅಶ್ವಶಕ್ತಿಯದು.

ನನ್ನನ್ನು ಮುಳುಗಿಸಿದ್ದು ಇದೇ. ಬೋಟಿನ ಉದ್ದ, ಎಂಜಿನ್ ನಂಬರ್, ಅಶ್ವಶಕ್ತಿ ಎಲ್ಲವೂ ಕಾಗದದಲ್ಲಿ ಇರುತ್ತದೆ. ನಾನು ನೋಡಿದ್ದು ರಿಜಿಸ್ಟ್ರೇಷನ್ ನಂಬರ್ ಒಂದನ್ನೇ. ಆ ಕಾಗದ ಕೊಡುವುದು ಆ ಬೋಟಿಗೆ ಅನುಮತಿ. ನಂಬರ್ ಕೈಯಲ್ಲಿದೆ ಅಂತ ಯಾವ ಬೋಟ್ ಬೇಕಾದರೂ ಇಳಿಸುವ ಹಾಗಿಲ್ಲ. "ಆಮೇಲೆ ತಿದ್ದಿಸಿಕೊಂಡರಾಯ್ತು" ಅಂತ ಬ್ರೋಕರ್ ಹೇಳಿದ, ನಂಬಿದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬಲೆ, ಬಣ್ಣ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಮುಂಗಡ ಎಲ್ಲ ಮುಗಿಸಿದ್ದೆ. ತಪಾಸಣೆಗೆ ಬಂದವರು ಎಂಜಿನ್ ಮೇಲಿನ ತಗಡನ್ನು ಒರೆಸಿ, ಟಾರ್ಚ್ ಬಿಟ್ಟು, ಒಂದೊಂದೇ ಅಂಕಿ ಓದಿ ಕಾಗದದ ಜೊತೆ ತಾಳೆ ನೋಡಿದರು. ತಾಳೆಯಾಗಲಿಲ್ಲ. ಮೀನು ಹಿಡಿಯುವ ಪರವಾನಗಿ ನಿಂತಿತು. ಪರವಾನಗಿ ಇಲ್ಲದಿದ್ದರೆ ಕರರಹಿತ ಡೀಸೆಲ್ ಇಲ್ಲ, ಟ್ರಿಪ್ಪಿನ ದೊಡ್ಡ ಖರ್ಚೇ ಡೀಸೆಲ್. ಆಗಸ್ಟಿನಲ್ಲಿ ಎಲ್ಲರೂ ಹೊರಟರು, ನನ್ನ ಬೋಟ್ ಬಂದರಿನ ದಕ್ಕೆಯಲ್ಲೇ ಉಳಿಯಿತು. ಬೋಟ್ ನಡೆಸುವ ತಾಂಡೇಲ, ಕಲಾಸಿಗಳು ಬೇರೆ ಬೋಟ್ ಹತ್ತಿದರು. ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ.

ಕಾಗದ ಸರಿ ಮಾಡಿಸಿಕೊಂಡು ಇಳಿದ ಮೇಲಾದರೂ ಚೇತರಿಸಿಕೊಂಡೆನಾ? ಇಲ್ಲ. ನಾನು ಮಾಡಿದ್ದನ್ನೇ ಸುತ್ತಮುತ್ತಲಿನವರೂ ಮಾಡಿದ್ದರು. ನಂಬರುಗಳು ಅಷ್ಟೇ, ಎಂಜಿನ್ನುಗಳು ಮಾತ್ರ ದೊಡ್ಡವು. ಒಂದು ಬೆಳಿಗ್ಗೆ ನಮ್ಮ ಬಲೆಯಿಂದ ಬಂದ ಬಂಗುಡೆ ನನ್ನ ಅಂಗೈಗಿಂತ ಚಿಕ್ಕದು. ಹರಾಜು ಕೂಗುವವನು ಬುಟ್ಟಿಗೆ ಕೈ ಕೂಡ ಹಾಕಲಿಲ್ಲ. ಎಲ್ಲವೂ ಮೀನು ಪುಡಿ ಮಾಡುವ ಫಿಶ್‌ಮೀಲ್‌ನವರ ಲಾರಿಗೆ ಹೋಯಿತು. ಬೆಳೆಯಲು ಬಿಟ್ಟಿದ್ದರೆ ಆ ಮೀನಿಗೆ ಎಷ್ಟು ರೇಟ್ ಸಿಗುತ್ತಿತ್ತು ಅಂತ ಈಗಲೂ ಸಂಕಟವಾಗುತ್ತದೆ.

ಇದು ನಮ್ಮೂರಲ್ಲಿ ಮಾತ್ರ ಆದದ್ದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1968ರಲ್ಲಿ ಸಾಲ್ಮನ್ ಹಿಡಿಯುವ ಬೋಟುಗಳ ಸಂಖ್ಯೆಗೆ ಮಿತಿ ಹಾಕಲು ಹೊರಟರು. ಜನ ಚಿಕ್ಕ ಬೋಟ್ ತೆಗೆದು ಅದರ ಲೈಸೆನ್ಸಿನಲ್ಲಿ ದೊಡ್ಡದನ್ನು ಇಳಿಸಿದರು. ಅದನ್ನು ತಡೆಯಲು, ತೆಗೆದ ಬೋಟು ಎಷ್ಟು ಟನ್ನಿನದೋ ಹೊಸದೂ ಅಷ್ಟೇ ಇರಬೇಕು, ಟನ್ನಿಗೆ ಟನ್ ಅನ್ನುವ ನಿಯಮ ಬಂತು. ಆಗ ಹಲವು ಚಿಕ್ಕ ಬೋಟುಗಳ ಟನ್ ಲೆಕ್ಕ ಕೂಡಿಸಿ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ದೊಡ್ಡ ಪರ್ಸೀನ್ ಬೋಟ್ ಕಟ್ಟಿದರು. ಬೋಟು ಕಡಿಮೆಯಾದವು, ಹಿಡಿಯುವ ಶಕ್ತಿ ಹೆಚ್ಚಾಯಿತು.

ಹಾಗಂತ ಪ್ರವೇಶಕ್ಕೆ ಕಡಿವಾಣವೇ ಬೇಡ ಅನ್ನುವವನಲ್ಲ ನಾನು. ಬೇಕೇ ಬೇಕು. ದಡದಿಂದ 12 ನಾಟಿಕಲ್ ಮೈಲಿವರೆಗೆ ಅದು ರಾಜ್ಯದ ಕೈಯಲ್ಲಿದೆ. ಎಷ್ಟು ಬೋಟ್, ಯಾವ ಬಲೆ, ಯಾವ ಕಾಲ ಅಂತ ಮಿತಿ ಹಾಕುವ ಅಧಿಕಾರ ಕರ್ನಾಟಕದ 1986ರ ಸಮುದ್ರ ಮೀನುಗಾರಿಕೆ ಕಾಯ್ದೆಯಲ್ಲೇ ಇದೆ. ಆದರೆ ಸುಮ್ನೆ ಬೋಟ್ ಎಣಿಸಿದರೆ ಆಗಲಿಲ್ಲ. ಅಶ್ವಶಕ್ತಿ ಅಳೆಯಬೇಕು, ಬಲೆಯ ಕಣ್ಣು ಅಳೆಯಬೇಕು. ದೀಪ ಹಾಕಿ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್ ನಿಷೇಧವಾಗಿದ್ದು 2017ರಲ್ಲಿ, ಅದರ ಜಗಳ ನಮ್ಮ ಕರಾವಳಿಯಲ್ಲಿ ಇನ್ನೂ ನಿಂತಿಲ್ಲ. ನಾಡದೋಣಿಯವರನ್ನೂ ಸ್ಟೀಲ್ ಬೋಟಿನವರನ್ನೂ ಒಂದೇ ಪಟ್ಟಿಯಲ್ಲಿ ಎಣಿಸುವುದು ಅನ್ಯಾಯ. 1970ರ ದಶಕದಲ್ಲಿ ಪರ್ಸೀನ್ ಬಂದಾಗ ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುತ್ತಿದ್ದವರ ಬದುಕು ಹೋಯಿತು. ಆ ಮನೆಗಳ ಮಕ್ಕಳೇ ಎಷ್ಟೋ ಜನ ಈಗ ಕಲಾಸಿಗಳು.

ನೀವು ರಿಜಿಸ್ಟ್ರೇಷನ್ನನ್ನು ಸೈಟ್ ಕೊಂಡ ಹಾಗೆ ನೋಡುತ್ತಿದ್ದೀರಿ. ಸೈಟ್ ಅಲ್ಲೇ ಇರುತ್ತದೆ, ಮೀನು ಇರಬೇಕಲ್ವಾ? ಮೀನಿಲ್ಲದ ಸಮುದ್ರದಲ್ಲಿ ಆ ಕಾಗದವನ್ನು ಯಾರು ಕೊಳ್ಳುತ್ತಾರೆ? ಈ ಕೆಲಸದಲ್ಲಿ ನಿಜಕ್ಕೂ ಆಸೆ ಇದ್ದರೆ ಪರ್ಸೀನ್ ಬೋಟಿನಲ್ಲಿ ಒಂದು ಪಾಲು ತೆಗೆದುಕೊಳ್ಳಿ, ಒಂದು ಸೀಸನ್ ಪೂರ್ತಿ ಲೆಕ್ಕ ನೋಡಿ. ಆಮೇಲೂ ಸ್ವಂತ ಬೋಟೇ ಬೇಕು ಅನಿಸಿದರೆ, ಅಡ್ವಾನ್ಸ್ ಕೊಡುವ ಮೊದಲು ಕಾಗದ ಹಿಡಿದುಕೊಂಡು ಎಂಜಿನ್ ರೂಮಿಗೆ ಇಳಿಯಿರಿ. ಅದೇ ಕಾಗದ ಹಿಡಿದು ಮೀನುಗಾರಿಕೆ ಇಲಾಖೆಗೂ ನೀವೇ ಹೋಗಿ ಕೇಳಿ, ಬ್ರೋಕರನ್ನು ಕಳಿಸಬೇಡಿ.